ಟಗರು ಹ್ಯಾಂಡಲ್ ಸೈಕಲ್

ನಮ್ಮ ಮನೆಯ ಸಾರಿನಲ್ಲಿ ಹುಳಿ ಕಡಿಮೆ. ಅದಕ್ಕೆ ಕಾರಣ ನಾನು.

ಅವ್ವ ವರ್ಷಕ್ಕಾಗುವಷ್ಟು ಹುಣಸೆಹಣ್ಣು ಉಪ್ಪು ಬೆರೆಸಿ ಗಡಿಗೆಯಲ್ಲಿ ತುಂಬಿಡುತ್ತಾಳೆ. ಅರ್ಧ ಸಾರಿಗೆ ಹೋಗುತ್ತದೆ, ಅರ್ಧ ಸೈಕಲ್ಲಿಗೆ. ತುಕ್ಕು ಬಿಡಿಸುವುದಕ್ಕೆ ಅಂಗಡಿಯಲ್ಲಿ ಬಣ್ಣಬಣ್ಣದ ಡಬ್ಬಿಗಳು ಸಿಗುತ್ತವೆ. ಎಲ್ಲ ತಂದು ನೋಡಿದೆ. ಹುಣಸೆಹಣ್ಣಿನ ಮುಂದೆ ಯಾವುದೂ ನಿಲ್ಲಲ್ಲ. ಹಳೆಯ ರಿಮ್ಮನ್ನು ಹುಣಸೆ ನೀರಿನಲ್ಲಿ ನೆನೆಹಾಕಬೇಕು. ಮರುದಿನ ತೆಂಗಿನ ನಾರು ಹಿಡಿದು ತಿಕ್ಕಬೇಕು. ನೀರು ಕಾಫಿ ಬಣ್ಣಕ್ಕೆ ತಿರುಗುತ್ತದೆ, ರಿಮ್ಮು ಹೊಳೆಯುತ್ತದೆ. ತೊಂದರೆ ಏನೆಂದರೆ, ರಿಮ್ಮು ಮುಳುಗುವಷ್ಟು ಅಗಲದ ಬೋಗುಣಿ ನಮ್ಮ ಮನೆಯಲ್ಲಿರುವುದು ಒಂದೇ. ಅದರಲ್ಲೇ ಅವ್ವ ಬಟ್ಟೆ ನೆನೆಹಾಕುತ್ತಾಳೆ. ಹೀಗಾಗಿ ನನ್ನ ಬಿಳಿ ಅಂಗಿಗಳು ಯಾವುವೂ ಈಗ ಬಿಳಿ ಅಲ್ಲ.

"ಲೇ ಹುಲುಗ, ಸಾರಿಗೆ ಹುಣಸಿ ಇಲ್ಲಲೇ. ನಿನ್ನ ಗಾಲಿ ಹಿಂಡಿ ಒಂದೀಟು ರಸ ಕೊಡು," ಎಂದು ಅವ್ವ ಅಡುಗೆಮನೆಯಿಂದ ಕೂಗುತ್ತಾಳೆ.

"ಗಾಲಿ ರಸ ಕುಡಿದ್ರ ಮೈಗೆ ಕಬ್ಬಿಣ ಹತ್ತತೈತಿ ಬೇ. ಡಾಕ್ಟ್ರು ಗುಳಿಗಿ ಬರ್ಕೊಡೋದು ತಪ್ಪತೈತಿ."

"ಮೊದ್ಲು ನಿನ್ನ ತಲಿಗೆ ಹಚ್ಕೊ. ತುಕ್ಕು ಅಲ್ಲಿ ಹಿಡಿದೈತಿ."

ನಾನು ಹೊಸಪೇಟೆಯಲ್ಲಿ, ಸಂಡೂರು ರೋಡಿನ ಒಂದು ಗ್ಯಾರೇಜಿನಲ್ಲಿ ಫಿಟ್ಟರ್. ಅದಿರು ಹೊಡೆಯುವ ಟಿಪ್ಪರ್ ಲಾರಿಗಳ ಕೆಳಗೆ ಮಲಗಿ ಕೆಲಸ ಮಾಡುವವನು. ಎಂಟನೇ ಕ್ಲಾಸು ಪೂರ್ತಿ ಆಗಲಿಲ್ಲ. ಆಗಲಿಲ್ಲ ಅಂತ ದುಃಖವೂ ಇಲ್ಲ. ಭಾನುವಾರ ಬಂದರೆ ಲಾರಿ ಬಿಟ್ಟು ಸೈಕಲ್ ಹಿಡಿಯುತ್ತೇನೆ. ಎಲ್ಲ ಸೈಕಲ್ಲೂ ಅಲ್ಲ. ಹಳೆಯ ರೇಸ್ ಸೈಕಲ್ಲು. ತೆಳ್ಳಗಿನ ಪೈಪು, ಸಣ್ಣ ಟೈರು, ಟಗರಿನ ಕೊಂಬಿನ ಹಾಗೆ ಕೆಳಗೆ ಸುತ್ತಿಕೊಂಡ ಹ್ಯಾಂಡಲ್ಲು. ನಮ್ಮ ಓಣಿಯವರು ಅದನ್ನು ಟಗರು ಅಂತಲೇ ಕರೆಯುತ್ತಾರೆ. "ಹುಲುಗ ಇವತ್ತ ಯಾವ ಟಗರು ಹೊಡ್ಕೊಂಡು ಬಂದಾನ ನೋಡ್ರಿ," ಅಂತ ಕಟ್ಟೆಯ ಮೇಲೆ ಕುಂತವರು ನಗುತ್ತಾರೆ. ನಗಲಿ. ಅವರ ಬೈಕುಗಳ ಸಾಲ ಅವರಿಗೆ, ನನ್ನ ಟಗರು ನನಗೆ.

ಈ ಹುಚ್ಚು ಎಲ್ಲಿಂದ ಹಿಡಿಯಿತು ಅಂತ ಕೇಳುವವರಿದ್ದಾರೆ. ಹಂಪಿಯಿಂದ. ಹಂಪಿಗೆ ನಾವು ಕಲ್ಲು ನೋಡಲು ಹೋಗುವವರಲ್ಲ. ನಮ್ಮ ಸೋದರಮಾವ ಅಲ್ಲಿ ಬಾಳೆಹಣ್ಣು ಮಾರುತ್ತಿದ್ದ. ಸೂಟಿ ಇದ್ದಾಗ ನಾನು ಅವನ ಬುಟ್ಟಿಯ ಹತ್ತಿರ ಕುಂತು ಕೋತಿ ಓಡಿಸುತ್ತಿದ್ದೆ. ಒಂದು ದಿನ ಮೂಗು ಸುಟ್ಟುಕೊಂಡ ಬಿಳಿಯನೊಬ್ಬ ಬಂದ. ಸೈಕಲ್ಲಿನ ಎರಡೂ ಕಡೆ ಚೀಲ. ಅದನ್ನು ಒಂದು ಕಂಬಕ್ಕೆ ಒರಗಿಸಿ ಹೊಳೆಗೆ ಇಳಿದು ಹೋದ. ನಾನು ಹ್ಯಾಂಡಲ್ ಮುಟ್ಟಿ ನೋಡಿದೆ. ಚೀಲ ಸಮೇತ ಹಿಂದಿನ ಗಾಲಿ ಎತ್ತಿ ನೋಡಿದೆ. ಎದ್ದೇಬಿಟ್ಟಿತು. ನಮ್ಮ ಊರಿನ ಸೈಕಲ್ಲು ಎತ್ತಬೇಕಾದರೆ ಹಲ್ಲು ಕಚ್ಚಬೇಕು. ಅಷ್ಟರಲ್ಲಿ ಅವನು ಒದ್ದೆ ಚಡ್ಡಿಯಲ್ಲಿ ವಾಪಸ್ ಬಂದ. ಇಂಗ್ಲಿಷಿನಲ್ಲಿ ಏನೋ ಅಂದ. ನಾನು ಕನ್ನಡದಲ್ಲಿ ಏನೋ ಅಂದೆ. ಇಬ್ಬರಿಗೂ ತಿಳಿಯಲಿಲ್ಲ. ಅವನು ಗಾಲಿ ಎತ್ತಿ ಹಿಡಿದು, ಪೆಡಲ್ ತಿರುಗಿಸು ಅಂತ ಕೈ ಮಾಡಿದ. ತಿರುಗಿಸಿ ಬಿಟ್ಟೆ. ಗಾಲಿ ಜೀರುಂಡೆ ಹಾಗೆ ಕೂಗುತ್ತಾ ತಿರುಗಿತು, ತಿರುಗಿತು, ನಿಲ್ಲಲೇ ಇಲ್ಲ. ಕೋತಿ ಒಂದು ಗೊನೆ ಹೊತ್ತುಕೊಂಡು ಹೋಯಿತು. ಮಾವ ಬೆನ್ನಿಗೆ ಕೊಟ್ಟ ಏಟು ಮರೆತುಹೋಗಿದೆ. ಆ ಸದ್ದು ಮರೆತಿಲ್ಲ.

ಈ ಸೈಕಲ್ಲುಗಳು ನಮ್ಮ ಕಡೆ ಎಲ್ಲಿ ಸಿಗುತ್ತವೆ ಅಂದರೆ, ಎಲ್ಲಿ ಬೇಕಾದರೂ ಸಿಗುತ್ತವೆ. ಹಂಪಿಯ ಹಿತ್ತಲುಗಳಲ್ಲಿ ಬಿಳಿಯರು ಬಿಟ್ಟುಹೋದವು. ಸಂಡೂರಿನ ಗುಜರಿಯಲ್ಲಿ ಒಂದು ಸಿಕ್ಕಿತು. ಗಣಿಯ ಯಾವನೋ ಸಾಹೇಬ ಬಿಟ್ಟುಹೋಗಿದ್ದಂತೆ. ಅದರ ಗಾಲಿಯ ಗುಬ್ಬಿ, ಅಂದರೆ ನಡುವಿನ ಹಬ್ಬು, ಬಿಚ್ಚಿದರೆ ಒಳಗಿನ ಗ್ರೀಸು ಕುಂಕುಮದ ಹಾಗೆ ಕೆಂಪಗಿತ್ತು. ಅದಿರಿನ ದೂಳು. ಸಂಡೂರಿನ ದೂಳು ಮೂಗಿಗೆ ಹೋಗುತ್ತದೆ, ಅನ್ನಕ್ಕೆ ಬೀಳುತ್ತದೆ, ಗ್ರೀಸಿನೊಳಗೂ ಹೋಗಿ ಕುಂದ್ರುತ್ತದೆ. ಅದರೊಳಗಿನ ಬೇರಿಂಗ್ ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಮುಗಿಸುವಷ್ಟರಲ್ಲಿ ನನ್ನ ಅಂಗೈ ಓಕುಳಿ ಆಡಿದವರ ಹಾಗಾಗಿತ್ತು. ಅದನ್ನು ರೆಡಿ ಮಾಡಿ ದರೋಜಿ ರೋಡಿಗೆ ಟ್ರಯಲ್ ಒಯ್ದೆ. ದರೋಜಿ ಕಡೆ ಕರಡಿ ಇವೆ ಅಂತ ಎಲ್ಲರಿಗೂ ಗೊತ್ತು. ಸಂಜೆ ಬಂಡೆಯ ಪಕ್ಕ ಏನೋ ಕರ್ರಗೆ ಅಲುಗಾಡಿತು. ನಾನು ತಿರುಗಿಸಿಕೊಂಡು ತುಳಿದ ರಭಸಕ್ಕೆ ಆ ಸೈಕಲ್ಲಿನ ನಿಜವಾದ ಸ್ಪೀಡು ಗೊತ್ತಾಯಿತು. ಆಮೇಲೆ ತಿಳಿಯಿತು, ಅದು ಎಮ್ಮೆ.

ಟ್ರಯಲ್ ಅಂದೆನಲ್ಲ. ಗ್ಯಾರೇಜಿನವರಿಗೆ ಅದೊಂದು ಕಟ್ಟಳೆ. ಗಾಡಿ ಯಾವುದೇ ಇರಲಿ, ಮಾಡಿದವನು ಮೊದಲು ಓಡಿಸಿ ನೋಡದೆ ಮಾಲೀಕನ ಕೈಗೆ ಕೊಡುವ ಹಾಗಿಲ್ಲ. ನಿಂತ ಗಾಡಿ ಎಲ್ಲ ಒಂದೇ ಥರ ಚೆಂದ. ರೋಡಿಗೆ ಇಳಿದ ಮೇಲೆ ಅದರ ಬಣ್ಣ ಗೊತ್ತಾಗುವುದು. ಅದಕ್ಕೇ ನನಗೆ ಸೈಕಲ್ಲನ್ನು ಗೋಡೆಗೆ ನೇತು ಹಾಕುವವರನ್ನು ಕಂಡರೆ ಆಗಿ ಬರುವುದಿಲ್ಲ. ಹೊಸ ಹೋಟೆಲುಗಳಲ್ಲಿ ನೋಡಿದ್ದೇನೆ. ಒಳ್ಳೆಯ ಸೈಕಲ್ಲಿಗೆ ಹಳದಿ ಬಣ್ಣ ಬಳಿದು, ಬುಟ್ಟಿಯಲ್ಲಿ ಪ್ಲಾಸ್ಟಿಕ್ ಹೂವು ಇಟ್ಟು, ಲೈಟು ಬಿಟ್ಟಿರುತ್ತಾರೆ. ಜನ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ನನಗೂ ಫೋಟೋದ ಚಟ ಇಲ್ಲ ಅಂತಲ್ಲ. ಫೋನಿನಲ್ಲಿ ಹಳೆ ಸೈಕಲ್ ಮಾಡುವವರದೇ ಒಂದು ಗ್ರೂಪ್ ಇದೆ. ಎಲ್ಲೆಲ್ಲಿಯವರೋ ಇದ್ದಾರೆ. ಅವರಿಗೆ ಒಂದೇ ಜಪ, ಒರಿಜಿನಲ್. ನಟ್ಟು ಒರಿಜಿನಲ್ಲಾ, ಬ್ರೇಕಿನ ರಬ್ಬರು ಒರಿಜಿನಲ್ಲಾ. ನಾನು ಕೆಲಸ ಮುಗಿಸಿ ಫೋಟೋ ಹಾಕುತ್ತೇನೆ. ಅವರು ಇಂಗ್ಲಿಷಿನಲ್ಲಿ ಉದ್ದುದ್ದ ಬರೆಯುತ್ತಾರೆ. ನಾನು ಓದುವುದಿಲ್ಲ, ಹೆಬ್ಬೆರಳು ಎಷ್ಟು ಬಂದಿವೆ ಅಷ್ಟೇ ನೋಡುತ್ತೇನೆ. ಒಮ್ಮೆ ಹೆಬ್ಬೆರಳು ಬಹಳ ಬಂದವು ಅಂತ ಖುಷಿಯಲ್ಲಿ ಗ್ಯಾರೇಜಿನವರಿಗೆಲ್ಲ ಚಹಾ ಕುಡಿಸಿದೆ. ಆಮೇಲೆ ಓದು ಬರುವವನೊಬ್ಬ ನೋಡಿ ಹೇಳಿದ, ನಾನು ಮುಂದಿನ ಫೋರ್ಕು ಉಲ್ಟಾ ಹಾಕಿದ್ದೆನಂತೆ. ಅದನ್ನು ತೋರಿಸಿಕೊಟ್ಟವನಿಗೆ ಬಂದ ಹೆಬ್ಬೆರಳು ಅವು.

ಇರಲಿ. ನಾನು ಹೇಳಬೇಕೆಂದಿದ್ದು ಕಂಪ್ಲಿಯ ಸೈಕಲ್ಲಿನ ವಿಷಯ.

ಕಂಪ್ಲಿಯಲ್ಲಿ ವೀರೇಶಣ್ಣ ಅಂತ ಒಬ್ಬರು. ಅಕ್ಕಿ ಗಿರಣಿ ಅವರದು. ಹೊಟ್ಟೆ ದೊಡ್ಡದು, ದನಿ ಅದಕ್ಕಿಂತ ದೊಡ್ಡದು, ಮನುಷ್ಯ ಒಳ್ಳೆಯವರು. ಗಿರಣಿಯ ಲಾರಿ ನಮ್ಮ ಗ್ಯಾರೇಜಿಗೆ ಬಂದಾಗ ಮೂಲೆಯಲ್ಲಿ ನಿಂತಿದ್ದ ನನ್ನ ಸೈಕಲ್ ನೋಡಿದರು.

"ಇಂಥದೊಂದು ನಮ್ಮ ಗೋಡೌನ್‌ನ್ಯಾಗ ಐತಲ್ಲೋ. ತೊಲಿಗೆ ಕಟ್ಟಿದ್ದು ಕಟ್ಟಿದಂಗ ಐತಿ. ಹೊಸ ಹಾಲ್ ಮಾಡ್ಸೀನಿ, ಗ್ವಾಡಿಗೆ ಹಾಕಾಕ ಮಸ್ತ್ ಕಾಣ್ತೈತಿ. ಬಂದು ನೋಡು," ಅಂದರು.

ಗೋಡೆ ಅಂದ ಕೂಡಲೇ ನನ್ನ ಮುಖ ಹುಳಿಯಾಯಿತು. ಆದರೂ ಹೋದೆ. ಇಂಥ ಸೈಕಲ್ ಐತಿ ಅಂದರೆ ನಾನು ಮೊದಲು ಹೋಗುತ್ತೇನೆ, ಆಮೇಲೆ ಯೋಚನೆ ಮಾಡುತ್ತೇನೆ.

ಗೋಡೌನಿನಲ್ಲಿ ಅಕ್ಕಿ ಮೂಟೆಗಳ ಮೇಲೆ, ತೊಲೆಗೆ ಸೆಣಬಿನ ಹಗ್ಗದಲ್ಲಿ ಕಟ್ಟಿದ್ದರು. ಹಮಾಲರು ಕೆಳಗಿಳಿಸಿದರು. ಮೈತುಂಬ ಬೆರಳು ದಪ್ಪ ತೌಡಿನ ಪುಡಿ ಕೂತಿತ್ತು. ಉಗುರಿನಿಂದ ಕೆರೆದರೆ ಚಕ್ಕೆ ಚಕ್ಕೆ ಎದ್ದು ಬಂತು. ಕೆಳಗೆ ನೀಲಿ ಬಣ್ಣ ನಿನ್ನೆ ಬಳಿದ ಹಾಗಿತ್ತು. ತೌಡಿನಲ್ಲಿ ಎಣ್ಣೆ ಇರುತ್ತದಲ್ಲ, ಅದೇ ಇಷ್ಟು ವರ್ಷ ಕಬ್ಬಿಣವನ್ನು ಕಾಪಾಡಿತ್ತು. ಸೀಟಿನ ಚರ್ಮ ಇಲಿ ತಿಂದಿದ್ದವು, ಟೈರು ಪುಡಿಯಾಗಿದ್ದವು. ಮಿಕ್ಕಿದ್ದೆಲ್ಲ ಇತ್ತು. ನಟ್ಟಿನಿಂದ ಹಿಡಿದು ಬ್ರೇಕಿನ ತಂತಿಯವರೆಗೆ ಎಲ್ಲ ಹುಟ್ಟಿದಾಗಿನದೇ. ಗ್ರೂಪಿನವರ ಮುಂದೆ ಇದನ್ನು ಇಟ್ಟರೆ ಏನಾಗುತ್ತದೆ ಅಂತ ಆಗಲೇ ಲೆಕ್ಕ ಹಾಕುತ್ತಿದ್ದೆ.

ಆದರೆ ಫ್ರೇಮು ಬಹಳ ಸಣ್ಣದು. ನಾನು ಕಾಲು ಹಾಕಿ ಕುಂತರೆ ಮೊಣಕಾಲು ಹ್ಯಾಂಡಲ್ಲಿಗೆ ಬಡಿಯುತ್ತಿತ್ತು. ರೇಸ್ ಸೈಕಲ್ಲು ಅಂದರೆ ಹೆಣ್ಣುಮಕ್ಕಳ ರವಿಕೆ ಇದ್ದಂಗೆ. ಒಬ್ಬರ ಅಳತೆಗೆ ಮಾಡಿದ್ದು ಇನ್ನೊಬ್ಬರಿಗೆ ಕೂರುವುದಿಲ್ಲ.

"ಇದು ಯಾರದ್ರಿ ಅಣ್ಣಾ? ಸಣ್ಣ ಹುಡುಗಂದೇನ್ರಿ?"

"ನಂದು," ಅಂತ ಹಿಂದಿನಿಂದ ದನಿ ಬಂತು.

ವೀರೇಶಣ್ಣನ ತಾಯಿ ನೀಲಮ್ಮ. ಗಿಡ್ಡ ಆಳು, ನೆಟ್ಟಗೆ ನಿಲ್ಲುವ ಹೆಂಗಸು. ಅಜ್ಜಿ ಅನ್ನಲು ಬಾಯಿ ಬರಲಿಲ್ಲ. ಬಾಗಿಲಲ್ಲಿ ನಿಂತು ಸೈಕಲ್ಲನ್ನೇ ನೋಡುತ್ತಿದ್ದರು. ವೀರೇಶಣ್ಣ ಫೋನು ಬಂತು ಅಂತ ಹೊರಗೆ ಹೋದ ಮೇಲೆ ಹತ್ತಿರ ಬಂದರು.

"ನಮ್ಮಪ್ಪ ಕೊಡಿಸಿದ್ದು. ನಮ್ದು ಎಮ್ಮಿಗನೂರು. ಕಾಲುವಿ ದಂಡಿ ಮ್ಯಾಲ ನಾ ಸೈಕಲ್ ಹೊಡೀತಿದ್ದೆ, ಅಪ್ಪ ಹಿಂದ ಗಾಡಿ ತಗೊಂಡು 'ತುಳಿಯೇ, ತುಳಿಯೇ' ಅಂತ ಬರ್ತಿದ್ದ. ಬಳ್ಳಾರಿ ರೇಸ್‌ನ್ಯಾಗ ಗೆದ್ದೀನಿ."

"ಏನ್ ಕೊಟ್ರು?"

"ಸ್ಟೀಲ್ ಕೊಡ. ಗಂಡ್ಸರಿಗೆ ಕಪ್ ಕೊಟ್ರು, ನನಗ ಕೊಡ. ಅದರಾಗ ಈಗ್ಲೂ ನೀರು ತುಂಬ್ತೀನಿ ತಗೋ."

ಮದುವೆಯಾದಾಗ ಮಂಚ, ಬೀರುವಿನ ಜೊತೆ ಈ ಸೈಕಲ್ಲೂ ಟ್ರ್ಯಾಕ್ಟರಿನಲ್ಲಿ ಕಂಪ್ಲಿಗೆ ಬಂತಂತೆ.

"ಅತ್ತಿ ಏನಂದ್ರು?" ಅಂತ ಕೇಳಿದೆ.

"ಏನೂ ಅನ್ಲಿಲ್ಲಪ್ಪ, ಭಾಳ ಒಳ್ಳೇಕಿ. 'ಮ್ಯಾಲ ಕಟ್ರಿ' ಅಂದ್ಳು. ಕಟ್ಟಿದ್ರು." ಆಮೇಲೆ ದನಿ ತಗ್ಗಿಸಿ, "ಕಂಪ್ಲ್ಯಾಗ ಒಂದು ದಿನಾನೂ ಹತ್ತಿಲ್ಲ. ಮನಿಯಿಂದ ಹೊಳಿ ತನಕ ಒಮ್ಮೆ ಹೋಗಿ ಬರಬೇಕು. ಅಷ್ಟ ನನ್ನ ಆಸಿ. ಓಡಂಗ ಮಾಡು," ಅಂದರು.

"ಹ್ಞೂಂ ರೀ," ಅಂದೆ.

ಸೈಕಲ್ಲನ್ನು ಗೂಡ್ಸ್ ಆಟೋಕ್ಕೆ ಏರಿಸುವಾಗ ವೀರೇಶಣ್ಣ ನನ್ನ ಭುಜ ಹಿಡಿದು ಪಕ್ಕಕ್ಕೆ ಎಳೆದರು.

"ಅವ್ವ ಏನಾರ ಅಂದ್ಳೇನು? ಅಂದಿರ್ತಾಳ. ನೋಡು, ಪಳಪಳ ಅನ್ನಂಗ ಮಾಡು. ಆದ್ರ ಓಡಂಗ ಮಾಡಬ್ಯಾಡ. ಹಿಂದಿನ ಗಾಲಿ ಜಾಮ್ ಮಾಡಿಬಿಡು. ನೋಡಿದ್ರ ಗೊತ್ತಾಗಬಾರ್ದು."

"ಅಣ್ಣಾ, ಸೈಕಲ್ ಓಡದಂಗ ಮಾಡಾಕ ನಾ ಯಾಕ ಬೇಕ್ರಿ? ಅದು ಈಗ್ಲೂ ಓಡಲ್ಲ."

"ನಗಸಾಟ ಬ್ಯಾಡಲೇ. ಹೋದ ವರ್ಷ ಬಚ್ಚಲದಾಗ ಜಾರಿ ಬಿದ್ಳು. ಕೈಯಾಗ ರಾಡ್ ಹಾಕ್ಯಾರ. ಆವತ್ತು ಅವ್ವ ಕೂಗಿದ್ದು ನಾ ಕೇಳೀನಿ, ನೀ ಕೇಳಿಲ್ಲ. ಇನ್ನೊಮ್ಮೆ ಅದನ್ನ ಕೇಳಾಕ ನನ್ನ ಕಡೆ ಆಗಂಗಿಲ್ಲ."

ಇಷ್ಟು ದೊಡ್ಡ ಮನುಷ್ಯನ ಕಣ್ಣಲ್ಲಿ ನೀರು ಬಂದದ್ದು ನೋಡಿ ನಾನು ಅವರಿಗೂ "ಹ್ಞೂಂ ರೀ" ಅಂದೆ. ಸೈಕಲ್ ನನ್ನ ಕೈಗೆ ಬರಬೇಕಿತ್ತು. ಅಷ್ಟು ಹೊತ್ತಿನಲ್ಲಿ ಯಾರು ಏನು ಕೇಳಿದ್ದರೂ ಹ್ಞೂಂ ಅನ್ನುತ್ತಿದ್ದೆ.

ಮುಂದಿನ ಭಾನುವಾರಗಳೆಲ್ಲ ಅದರ ಮೇಲೇ ಹೋದವು. ಸೀಟಿಗೆ ಹೊಸ ಚರ್ಮ, ಗಾಲಿಗೆ ಹೊಸ ಟೈರು ಹಾಕಿದೆ. ತೌಡನ್ನು ಬಿಸಿನೀರಿನಲ್ಲಿ ನೆನೆಸಿ, ಹಳೆ ಪಂಚೆಯಿಂದ ಒರೆಸಿದೆ. ನಮ್ಮ ಓಣಿಯ ಮೇಕೆಯೊಂದು ಬಂದು ಸೈಕಲ್ ನೆಕ್ಕಿತು. ಹ್ಯಾಂಡಲ್ಲಿನ ಕೊರಳು, ಅಂದರೆ ಫ್ರೇಮಿನೊಳಗೆ ಇಳಿಯುವ ಪೈಪು, ಒಳಗೆ ತುಕ್ಕು ಹಿಡಿದು ಸಿಕ್ಕಿಕೊಂಡಿತ್ತು. ಸುತ್ತಿಗೆ ತಗೊಂಡರೆ ಮುಗಿಯಿತು, ಫ್ರೇಮು ಸೀಳುತ್ತದೆ. ದಿನಾ ಗ್ಯಾರೇಜಿನಿಂದ ಬಂದು ಸೀಮೆಎಣ್ಣೆಗೆ ಕೊಬ್ಬರಿ ಎಣ್ಣೆ ಬೆರೆಸಿ ಹನಿ ಹನಿ ಬಿಟ್ಟು, ಬಿಸಿ ಬಟ್ಟೆ ಸುತ್ತಿ, ಕೂಸಿಗೆ ಶಾಖ ಕೊಟ್ಟ ಹಾಗೆ ಕೊಟ್ಟೆ. ಒಂದು ದಿನ ತಾನಾಗಿಯೇ "ಕಟ್" ಅಂತ ಬಿಟ್ಟಿತು. ಅವ್ವ ಒಳಗಿಂದ ಓಡಿ ಬಂದಳು, ನನ್ನ ಸೊಂಟ ಹಿಡಿಯಿತು ಅಂತ ತಿಳಿದು.

ಗಾಲಿ ಜಾಮ್ ಮಾಡುವುದು ಕಷ್ಟವಲ್ಲ. ಗುಬ್ಬಿಯ ನಟ್ಟನ್ನು ಅಳತೆ ಮೀರಿ ಬಿಗಿದರೆ ಆಯಿತು. ಬಿಗಿದೆ. ಗಾಲಿ ನಿಂತಿತು. ಎದುರಿಗೆ ಕುಂತು ಒಂದು ಬೀಡಿ ಸೇದಿದೆ. ಮತ್ತೆ ಸಡಿಲ ಮಾಡಿದೆ. ದೊಡ್ಡ ಗುಣ ಅಂತ ತಿಳಿಯಬೇಡಿ. ಹಾಗೆ ಬಿಗಿದಿಟ್ಟರೆ ಗುಂಡು ಒತ್ತಿ ಗುಳಿ ಬೀಳುತ್ತವೆ, ಆಮೇಲೆ ಯಾವತ್ತೂ ಸಲೀಸಾಗಿ ತಿರುಗುವುದಿಲ್ಲ. ಒಳ್ಳೆಯ ಗುಬ್ಬಿ ಕೆಡಿಸಲು ನನ್ನ ಕೈ ಒಪ್ಪಲಿಲ್ಲ ಅಷ್ಟೇ. ಚೈನನ್ನಾದರೂ ತೆಗೆದು ಕೊಡೋಣ ಅಂದುಕೊಂಡೆ. ಚೈನಿಲ್ಲದ ಸೈಕಲ್ಲು ಹಲ್ಲಿಲ್ಲದ ಬಾಯಿ ಇದ್ದಂಗೆ ಕಂಡಿತು. ಅದನ್ನೂ ಹಾಕಿದೆ. ಹೀಗೆ ಒಂದೊಂದೇ ಹಾಕುತ್ತಾ ಹೋಗಿ, ಕೊನೆಗೆ ನೋಡಿದರೆ ಓಡುವ ಸೈಕಲ್ಲೇ ತಯಾರಾಗಿತ್ತು.

ಟ್ರಯಲ್ ಮಾತ್ರ ಆಗಿರಲಿಲ್ಲ. ನನಗೆ ಅಳತೆ ಸಾಲದು. ಓಣಿಯ ಗಿಡ್ಡ ಆಳುಗಳನ್ನು ಕೇಳಿದೆ. ಯಾರೂ ಆ ಟಗರಿನ ಮೇಲೆ ಹತ್ತಲು ಒಪ್ಪಲಿಲ್ಲ.

ಕಂಪ್ಲಿಗೆ ಒಯ್ದ ದಿನ ವೀರೇಶಣ್ಣ ಗಿರಣಿಯ ಅಂಗಳದಲ್ಲೇ ನಿಂತಿದ್ದರು. ಹಾಲಿನ ಗೋಡೆಗೆ ಕೊಂಡಿ ಹೊಡೆಸಿ ಆಗಿತ್ತು. ಸೈಕಲ್ ಇಳಿಸಿದ ಕೂಡಲೇ ಒಂದು ಸುತ್ತು ನೋಡಿ, "ಏ ಮಸ್ತ್ ಆಗೇತಿ," ಅಂದು ಪೆಡಲ್ಲಿಗೆ ಕೈ ಹಾಕಿ ತಿರುಗಿಸಿದರು. ಗಾಲಿ ಜೀರುಂಡೆ ಕೂಗಿದ ಹಾಗೆ ತಿರುಗಿತು. ವೀರೇಶಣ್ಣನ ನಗು ನಿಂತಿತು.

"ಏನಲೇ ಇದು?"

"ಟ್ರಯಲ್ ಮಾಡಲಾರ್ದ ಗಾಡಿ ಕೊಡಾಕ ಬರಂಗಿಲ್ಲ ಅಣ್ಣಾ. ನನಗ ಅದು ಗಿಡ್ಡ. ಅದಕ್ಕ ಹಂಗ ತಂದೆ."

"ಟ್ರಯಲ್ ಯಾರು ಮಾಡ್ತಾರ? ನಾನು ಕುಂತ್ರ ಸೈಕಲ್ ಪುಡಿ ಆಗ್ತೈತಿ."

"ಸರಿ ಬರೋರು ಒಬ್ರ ಅದಾರ್ರಿ."

"ನಿನ್ನೌನ್... ನಾ ಏನ್ ಹೇಳಿದ್ದೆ, ನೀ ಏನ್ ಮಾಡಿದಿ?" ಅಂತ ನನ್ನ ಕಡೆಗೆ ಬಂದವರು ಅಲ್ಲೇ ನಿಂತರು. ಮನೆ ಬಾಗಿಲಲ್ಲಿ ನೀಲಮ್ಮ ನಿಂತಿದ್ದರು. ಮೈಮೇಲೆ ಮೊಮ್ಮಗಳ ಚೂಡಿದಾರ. ಕಾಲಲ್ಲಿ ಬಿಳಿ ಬೂಟು. ಮೂಟೆ ಹೊರುತ್ತಿದ್ದ ಹಮಾಲರು ಒಬ್ಬೊಬ್ಬರಾಗಿ ಮುಖ ಆಕಡೆ ತಿರುಗಿಸಿದರು, ಆದರೆ ಯಾರೂ ಅಲ್ಲಿಂದ ಹೋಗಲಿಲ್ಲ.

"ಅವ್ವಾ, ಏನಿದು ವ್ಯಾಷ?"

"ಸೀರಿ ಚೈನ್‌ನ್ಯಾಗ ಸಿಗ್ತೈತೆಪ. ಸರಿ ಆಕಡೆ."

ಅವರು ಹ್ಯಾಂಡಲ್ ಹಿಡಿದರು. ಬೆರಳಿನಿಂದ ಟೈರು ಒತ್ತಿ ನೋಡಿದರು. ಕಾಲು ಎತ್ತಿ ದಾಟಿಸಲು ಆಗಲಿಲ್ಲ. ಸೈಕಲ್ಲನ್ನೇ ಬಾಗಿಸಿ ಹತ್ತಿದರು. ನಾನು ಹಿಂದೆ ಹಿಡಿದುಕೊಂಡಿದ್ದೆ. ಮುಂದಕ್ಕೆ ಬಾಗಿ ಕೊಂಬಿನ ಕಡೆ ಕೈ ಚಾಚಿದರು. ನಡು ಬಾಗಲಿಲ್ಲ. ಮತ್ತೆ ಬಾಗಿದರು. ಉಸಿರು ಸಿಕ್ಕಿಕೊಂಡಿತು. ರಾಡ್ ಹಾಕಿದ ಕೈ ಅಷ್ಟು ದೂರ ಚಾಚಲಿಲ್ಲ. ಬ್ರೇಕು ಮುಟ್ಟಲು ಗೇಣು ಬಾಕಿ. ಸುಮ್ಮನೆ ಇಳಿದರು.

ಗಿರಣಿಯ ಬೆಲ್ಟು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು.

"ಆತಲ್ಲವ್ವಾ. ಹತ್ತಿದಿ, ಇಳಿದಿ," ಅಂದರು ವೀರೇಶಣ್ಣ, ಬಹಳ ಮೆತ್ತಗೆ. "ಈಗ ಒಳಗ ನಡಿ. ಗ್ವಾಡಿಗೆ ಹಾಕೋಣು. ದಿನಾ ನೋಡ್ಕೊಂತ ಕುಂದ್ರುವಂತಿ."

ನೀಲಮ್ಮ ನನ್ನ ಕಡೆ ತಿರುಗಿದರು. "ಹುಲುಗಾ, ಆ ಹ್ಯಾಂಡಲ್ ತೆಗಿ."

"ಹ್ಞಾಂ?"

"ತೆಗಿ. ನಮ್ಮ ಮೊಮ್ಮಗಳ ಲೇಡೀಸ್ ಸೈಕಲ್ ಅಲ್ಲಿ ನಿಂತೈತಿ, ಆಕಿ ಈಗ ಸ್ಕೂಟಿ ಹೊಡೀತಾಳ. ಅದರ ಹ್ಯಾಂಡಲ್ ಬಿಚ್ಚಿ ಇದಕ್ಕ ಹಾಕು. ಮ್ಯಾಲಕ್ಕ ಎತ್ತಿ ಹಾಕು."

ಒಂದು ನಟ್ಟೂ ಬದಲಾಗದ ಸೈಕಲ್ಲು. ಅದರ ತಲೆ ಕಡಿದು, ಗುಲಾಬಿ ಹಿಡಿಕೆಯ ಹ್ಯಾಂಡಲ್ಲು ಹಾಕು ಅನ್ನುತ್ತಿದ್ದಾರೆ. ಅಲ್ಲಿಯವರೆಗೆ ನಾನು ಅವರ ಕಡೆಯವನು ಅಂತ ತಿಳಿದಿದ್ದೆ. ಆ ಕ್ಷಣಕ್ಕೆ ವೀರೇಶಣ್ಣನ ಕಡೆ ಹೋಗಿ ನಿಂತುಬಿಟ್ಟೆ.

"ಅಮ್ಮಾರ, ಬ್ಯಾಡ್ರಿ. ಗ್ವಾಡಿಗೇ ಹಾಕ್ರಿ ಬೇಕಾದ್ರ. ಹ್ಯಾಂಡಲ್ ತೆಗೆದ್ರ ಒರಿಜಿನಲ್ ಹೋಗ್ತೈತ್ರಿ."

"ಏನ್ ಹೋಗ್ತೈತಿ?"

"ಒರಿಜಿನಲ್ ರೀ. ಹುಟ್ಟಿದಾಗ ಹೆಂಗಿತ್ತೋ ಹಂಗ."

ನೀಲಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನನ್ನ ನೋಡಪ. ಕಣ್ಣಾಗಿನ ಲೆನ್ಸು ಡಾಕ್ಟ್ರು ಹಾಕಿದ್ದು. ದವಡಿ ಹಲ್ಲು ಕಟ್ಟಿಸಿದ್ದು. ಕೈಯಾಗ ಇಷ್ಟುದ್ದ ರಾಡ್ ಐತಿ. ನಾನೂ ಒರಿಜಿನಲ್ ಇಲ್ಲ. ಮತ್ತ ನನ್ನೂ ಗ್ವಾಡಿಗೆ ಹಾಕ್ತೀಯೇನು?"

ಹಮಾಲರಲ್ಲಿ ಒಬ್ಬ ಕಿಸಕ್ ಅಂದ. ನಾನು ನಟ್ಟು ಬಿಚ್ಚುವ ಪಾನಾ ತೆಗೆದೆ.

ಕೊರಳಿಗೆ ಅಷ್ಟು ದಿನ ಎಣ್ಣೆ ಕುಡಿಸಿದ್ದೆನಲ್ಲ, ಒಂದೇ ಏಟಿಗೆ ಬಂದುಬಿಟ್ಟಿತು. ಆ ಹೊತ್ತಿಗೆ ಸ್ವಲ್ಪ ಸಿಕ್ಕಿಕೊಂಡಿದ್ದರೂ ಸಮಾಧಾನವಾಗುತ್ತಿತ್ತು. ಕೊಂಬನ್ನು ಇಡಲು ಜಾಗ ಕಾಣದೆ ವೀರೇಶಣ್ಣನ ಕೈಗೆ ಕೊಟ್ಟೆ. ಲೇಡೀಸ್ ಸೈಕಲ್ಲಿನ ಹ್ಯಾಂಡಲ್ಲಿನ ಕೊರಳೂ ಅದೇ ದಪ್ಪ, ಸಲೀಸಾಗಿ ಇಳಿಯಿತು. ಅದರ ಬ್ರೇಕಿನ ಹಿಡಿ, ತಂತಿ ಎಲ್ಲ ಇದಕ್ಕೆ ಜೋಡಿಸಿದೆ. ಮುಗಿದ ಮೇಲೆ ದೂರ ನಿಂತು ನೋಡಿದೆ. ಓಡುವ ಕುದುರೆಗೆ ಎತ್ತಿನ ಮೂಗುದಾರ ಹಾಕಿದ ಹಾಗಿತ್ತು. ಫೋಟೋ ತೆಗೆಯಲಿಲ್ಲ.

ಈ ಸಲ ನೀಲಮ್ಮ ನೆಟ್ಟಗೆ ಕುಂತರು. ಬ್ರೇಕು ಒತ್ತಿ ಬಿಟ್ಟು ನೋಡಿದರು. ವೀರೇಶಣ್ಣ ಓಡಿ ಬಂದು ಸೀಟು ಹಿಡಿದರು.

"ಅಂಗಳದಾಗ ಒಂದು ಸುತ್ತು ಅವ್ವಾ. ನಾ ಹಿಡಿದಿರ್ತೀನಿ."

"ಬಿಡೋ."

"ಅವ್ವಾ..."

"ನೀ ಹಿಡಿದ್ರ ಜಗ್ತೈತಿ. ಬಿಡು."

ಮಗ ಬಿಟ್ಟ. ಸೈಕಲ್ಲು ಒಮ್ಮೆ ಆಕಡೆ ಹೋಯಿತು, ಒಮ್ಮೆ ಈಕಡೆ ಹೋಯಿತು. ಭತ್ತ ಒಣಗಿಸುವ ಬಂಡೆಗಲ್ಲಿನ ಕಣದ ಮೇಲೆ ಅರ್ಧ ಸುತ್ತು ಹಾಕಿತು. ಎಲ್ಲರೂ ಅದು ಪೂರ್ತಿ ಸುತ್ತಿ ಬರುತ್ತದೆ ಅಂತ ಕಾದೆವು. ಬರಲಿಲ್ಲ. ಗೇಟಿನಲ್ಲಿ ಎಡಕ್ಕೆ ತಿರುಗಿ, ಹೊಳೆಯ ರೋಡಿಗೆ ಹೋಗಿಬಿಟ್ಟಿತು.

ವೀರೇಶಣ್ಣ ಬೈಕಿನ ಕಡೆ ಓಡಿದರು. ನಾನು ಅಡ್ಡ ಹೋದೆ.

"ಬ್ಯಾಡ್ರಿ ಅಣ್ಣಾ. ಹಿಂದ ಬೈಕ್ ಸದ್ದು ಕೇಳಿದ್ರ ತಿರುಗಿ ನೋಡ್ತಾರ. ತಿರುಗಿ ನೋಡಿದ್ರ ಬೀಳ್ತಾರ."

"ಏನಾರ ಆದ್ರ ನಿನ್ನ ಜೀವಂತ ಬಿಡಂಗಿಲ್ಲಲೇ ಹುಲುಗ."

"ಹ್ಞೂಂ ರೀ."

ಇಬ್ಬರೂ ಗೇಟಿನಲ್ಲಿ ನಿಂತೆವು. ಟೊಮ್ಯಾಟೊ ಗಾಡಿ ಹೋಯಿತು, ಕಬ್ಬಿನ ಟ್ರ್ಯಾಕ್ಟರು ಹೋಯಿತು. ಕಬ್ಬಿನ ಟ್ರ್ಯಾಕ್ಟರು ಹೊಳೆಯ ಕಡೆಗೇ ಹೋಗಿದ್ದು ನೋಡಿ ವೀರೇಶಣ್ಣ ಕಣ್ಣು ಮುಚ್ಚಿದರು. ಅವರ ಕೈಯಲ್ಲಿ ಆ ಟಗರು ಕೊಂಬು ಹಾಗೇ ಇತ್ತು. ರೋಡಿನಲ್ಲಿ ಹೋಗುವವರು, ಗಿರಣಿ ಮಾಲೀಕರ ಕೈಯಲ್ಲಿ ಇದೇನು ಅಂತ ತಿರುತಿರುಗಿ ನೋಡುತ್ತಿದ್ದರು.

ನಾನು ಮನಸ್ಸಿನಲ್ಲೇ ಇಡೀ ಸೈಕಲ್ಲನ್ನು ಇನ್ನೊಮ್ಮೆ ಜೋಡಿಸುತ್ತಿದ್ದೆ. ಮುಂದಿನ ಗಾಲಿಯ ನಟ್ಟು ಬಿಗಿದೆ. ಪೆಡಲ್ ಬಿಗಿದೆ. ಹ್ಯಾಂಡಲ್ ಬಿಗಿದೆನಾ? ಬಿಗಿದೆ. ಸಾಕಷ್ಟು ಬಿಗಿದೆನಾ? ಲಾರಿಯ ಕೆಳಗೆ ಮಲಗಿದಾಗ ನನಗೆ ಎಂದೂ ಹೀಗಾಗಿಲ್ಲ. ಲಾರಿಯನ್ನು ಮೊದಲು ನಾನೇ ಓಡಿಸಿ ನೋಡಿರುತ್ತೇನೆ. ಬಿದ್ದರೆ ನಾನು ಬೀಳುತ್ತೇನೆ. ಇಲ್ಲಿ ನನ್ನ ಬದಲು ಇನ್ನೊಬ್ಬರು ಹೋಗಿದ್ದಾರೆ. ಆಗ ನೆನಪಾಯಿತು. ಗೇರು ಬದಲಿಸುವ ಮಿಷನ್ನಿನಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತದೆ. ಚೈನು ಇಲ್ಲಿಯವರೆಗೆ ಬರಬೇಕು, ಇದರಾಚೆ ಹೋಗಬಾರದು ಅಂತ ತಡೆಯುವುದು ಅದೇ. ಸ್ಟ್ಯಾಂಡಿನ ಮೇಲೆ ತಿರುಗಿಸಿದರೆ ಸರಿಯಿದ್ದ ಹಾಗೆ ಕಾಣುತ್ತದೆ. ಮೇಲೆ ಕುಂತು ತೂಕ ಹಾಕಿ ತುಳಿದಾಗಲೇ ಅದರ ಹೆಚ್ಚುಕಡಿಮೆ ಗೊತ್ತಾಗುವುದು. ತುಳಿದು ನೋಡಿದವರು ಯಾರೂ ಇಲ್ಲ.

"ಯಾಕಲೇ, ಮುಖ ಯಾಕ ಹಂಗಾತು?" ಅಂದರು ವೀರೇಶಣ್ಣ.

"ಏನಿಲ್ರಿ. ಬಿಸಲು."

ಹೊತ್ತು ಹೋಯಿತು. ಹೊಳೆಗೆ ಹೋಗಿ ಬರುವಷ್ಟು ಹೊತ್ತಾಯಿತು. ಅದನ್ನು ಮೀರಿಯೂ ಆಯಿತು. ವೀರೇಶಣ್ಣ ಇನ್ನು ತಡೆಯುವುದಿಲ್ಲ ಅಂತ ಬೈಕಿನ ಮೇಲೆ ಕುಂತು ಕೀಲಿ ತಿರುಗಿಸಿದರು. ಆಗ ಒಬ್ಬ ಹಮಾಲ, "ಬಂದ್ರು, ಬಂದ್ರು," ಅಂದ.

ನೀಲಮ್ಮ ರೋಡಿನ ಅಂಚು ಹಿಡಿದು, ನಿಧಾನವಾಗಿ, ಯಾವ ಅವಸರವೂ ಇಲ್ಲದೆ ತುಳಿದುಕೊಂಡು ಬಂದರು. ಗೇಟು ದಾಟಿ, ಬ್ರೇಕು ಒತ್ತಿ, ಒಂದು ಕಾಲು ಊರಿ ನಿಂತರು. ಮುಖ ಕೆಂಪಾಗಿತ್ತು. ಎರಡೂ ಕೈ ಮಣಿಕಟ್ಟಿನ ತನಕ ಕರ್ರಗೆ. ಗುಲಾಬಿ ಹಿಡಿಕೆ ಕಪ್ಪು. ಹಣೆಯ ಮೇಲೂ ಒಂದು ಗೀಟು.

"ಅವ್ವಾ! ಬಿದ್ದಿಯೇನು? ಎಲ್ಲಿ ಪೆಟ್ಟಾತು?"

"ಬೀಳಾಕ ನನಗೇನಾಗೇತಿ? ಸೇತುವಿ ಹತ್ರ ಚೈನ್ ಬಿತ್ತು."

ನಾನು ನೆಲ ನೋಡಿದೆ.

"ಮತ್ತ ಯಾರು ಹಾಕಿದ್ರು?"

"ಯಾರು ಹಾಕ್ತಾರ? ಒಬ್ಬ ಟ್ರ್ಯಾಕ್ಟರ್ ನಿಲ್ಸಿ, 'ಅಮ್ಮಾ ಸರೀರಿ, ನಾ ಹಾಕಿಕೊಡ್ತೀನಿ' ಅಂತ ಬಂದ. ದೂರ ನಿಲ್ಲಪ, ನನ್ನ ಸೈಕಲ್ ಅಂದೆ. ನಾನ ಹಾಕ್ಕೊಂಡೆ."

ವೀರೇಶಣ್ಣ ಕೊಂಬನ್ನು ನೆಲಕ್ಕೆ ಹಾಕಿ, ಸಾಬೂನು ತರ್ರಿ, ಟವೆಲ್ ತರ್ರಿ ಅಂತ ಮನೆಯೊಳಗೆ ಕೂಗಿದರು. ಸಾಬೂನು ಬಂತು, ಬಕೆಟ್ಟಿನಲ್ಲಿ ನೀರು ಬಂತು. ನೀಲಮ್ಮ ಕಟ್ಟೆಯ ಮೇಲೆ ಕುಂತಿದ್ದರು. ಕೈ ಹಿಡಿಯಲು ಹೋದ ಮಗನಿಗೆ ಕೊಡದೆ ಹಿಂದಕ್ಕೆ ಎಳೆದುಕೊಂಡರು.

"ಇರ್ಲಿ ಬಿಡೋ. ತಡಿ ಒಂದೀಟು."

ಮದರಂಗಿ ಹಚ್ಚಿಸಿಕೊಂಡವರ ಹಾಗೆ ಎರಡೂ ಕೈ ಮುಂದೆ ಹಿಡಿದುಕೊಂಡು, ಬೆರಳು ಅಗಲಿಸಿ, ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಚಹಾ ಬಂತು. ಆ ಕೈಯಲ್ಲಿ ಚಹಾದ ಕಪ್ ಹಿಡಿಯುವ ಹಾಗಿರಲಿಲ್ಲ. ವೀರೇಶಣ್ಣ ಪಕ್ಕದಲ್ಲಿ ಕುಂತು, ಕಪ್ಪಿನಡಿಯ ಬಸಿಗೆ ಬಗ್ಗಿಸಿ, ಊದಿ ಊದಿ ಆರಿಸಿ, ತಾಯಿಯ ಬಾಯಿಗೆ ಹಿಡಿದರು. ಅವರು ಒಂದು ಗುಟುಕು ಕುಡಿದರು.

"ಹುಲುಗಾ," ಅಂದರು. "ಗೇರಿನ ಆ ಸಣ್ಣ ಸ್ಕ್ರೂ ಅರ್ಧ ಸುತ್ತು ಒಳಗ ಹಾಕು."

ಇನ್ನೊಂದು ಗುಟುಕು ಕುಡಿದರು.

"ಜಲ್ದಿ ಹಾಕು. ಬಿಸಲು ಏರಾಕ ಹತ್ತೇತಿ."